ಕಲ್ಲಿಗೊಂದು ಕತ್ತಿ

ಸೋಮವಾರ, ಮಧ್ಯಾಹ್ನ

ಎರಡು ವರ್ಷದಿಂದ ಮುಖ ಊದಿಸಿಕೊಂಡು ಕೂತಿರುವ ನಮ್ಮ ಕಲ್ಲುಕುಟಿಗರಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ಮಗಳು ನಿಮ್ಮ ಭುಜದೆತ್ತರಕ್ಕೆ ಬೆಳೆದಿದ್ದಾಳೆ, ಹಟದಲ್ಲಿ ನಿಮ್ಮನ್ನೂ ಮೀರಿಸಿದ್ದಾಳೆ. ಈ ಕಾಗದವನ್ನು ನಾನು ಕೆಲಸಕ್ಕಿರುವ ಈ ಮನೆಯ ಯಜಮಾನರು ಓದಿದ ಮೇಲೆಯೇ ಲಕೋಟೆಗೆ ಹಾಕಬೇಕು. ಹಾಗಾಗಿ ನಿಮ್ಮನ್ನು ಬೈಯುವುದನ್ನು ಸ್ವಲ್ಪ ಕಡಿಮೆ ಮಾಡಿದ್ದೇನೆ.

ಅವರ ಹಿತ್ತಿಲ ಗೋಡೆಗೆ ಪಾಯ ತೋಡುವಾಗ ನಿಮಗೆ ಸಿಕ್ಕಿತಲ್ಲ, ಮೈತುಂಬ ಮಣ್ಣು ಮೆತ್ತಿಕೊಂಡಿದ್ದ ಆ ಕೆತ್ತನೆ ಕಲ್ಲು, ಅದೀಗ ಅವರ ಸಂಗ್ರಹದ ಕೋಣೆಯಲ್ಲಿ ಎಲ್ಲಕ್ಕಿಂತ ಮುಂದೆ ನಿಂತಿದೆ. ಕೆಳಗಿನ ಹಿತ್ತಾಳೆ ಫಲಕದಲ್ಲಿ, ಪತ್ತೆ ಮಾಡಿದವರು ಎಂದು ಅವರದೇ ಹೆಸರಿದೆ. ಆ ಹೆಸರು ನೋಡಿಯೇ ನೀವು ಗಂಟುಮೂಟೆ ಕಟ್ಟಿದ್ದು. ಈ ಮನೆಯ ಹೊಸಿಲು ತುಳಿಯುವುದಿಲ್ಲ ಎಂದದ್ದನ್ನೂ ನಾನು ಮರೆತಿಲ್ಲ. ಆದರೂ ಗುರುವಾರದೊಳಗೆ ಬರಬೇಕು, ಸಣ್ಣ ಉಳಿ ತರಬೇಕು.

ಆ ಕಲ್ಲಿನ ಮನುಷ್ಯ ತಮ್ಮ ವಂಶದ ಮೂಲಪುರುಷ, ಕತ್ತಿ ಹಿಡಿದ ದಳಪತಿ ಎಂದು ಯಜಮಾನರು ಪುಸ್ತಕ ಬರೆದಿದ್ದಾರೆ. ಅದರಲ್ಲಿರುವ ಕಲ್ಲಿನ ಚಿತ್ರ ನನ್ನ ಕೈಯದು. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಮಸಿ ತಟ್ಟಿ ಪಡಿಯಚ್ಚು ತೆಗೆದು, ಅದನ್ನು ನೋಡಿಕೊಂಡು ಬರೆದದ್ದು. ಪುಸ್ತಕ ಓದಿದ ಮೂವರು ವಿದ್ವಾಂಸರು ಶುಕ್ರವಾರ ಕಲ್ಲನ್ನೇ ನೋಡಲು ಬರುತ್ತಿದ್ದಾರೆ. ಕತ್ತಿ ಸವೆದು ಮಸುಕಾಗಿದೆ, ಗೆರೆಯನ್ನು ಸ್ವಲ್ಪ ಆಳ ಮಾಡಿದರೆ ಸಾಕು, ಅರ್ಧ ದಿನದ ಕೆಲಸ ಎನ್ನುತ್ತಾರೆ ಯಜಮಾನರು. ನಿಮ್ಮ ಕೈಯ ನಾಜೂಕು ಬೇರೆ ಯಾರಿಗೂ ಇಲ್ಲವಂತೆ. ಕೇಳಿ ಉಬ್ಬಬೇಡಿ.

ಇನ್ನೊಂದು ಮಾತು. ಮಗಳಿಗೆ ದೊಡ್ಡ ಶಾಲೆಯಲ್ಲಿ ಜಾಗ ಸಿಕ್ಕಿದೆ. ಯಜಮಾನರಂಥವರ ಶಿಫಾರಸು ಪತ್ರ ಇಲ್ಲದೆ ನಮ್ಮಂಥವರ ಮಕ್ಕಳನ್ನು ಅಲ್ಲಿ ಸೇರಿಸಿಕೊಳ್ಳುವುದಿಲ್ಲ. ಪತ್ರ ತಯಾರಾಗಿ ಅವರ ಮೇಜಿನ ಮೇಲಿದೆ, ರುಜು ಮಾತ್ರ ಬಾಕಿ. ಬೆಳಿಗ್ಗೆ ಕೇಳಿದ್ದಕ್ಕೆ ಅವರು ಪೆನ್ನಿಗೆ ಮುಚ್ಚಳ ಹಾಕಿ, "ಮೊದಲು ನಿನ್ನ ಗಂಡ ಬರಲಿ" ಅಂದರು. ದನಿ ಏರಿಸಲಿಲ್ಲ. ಈ ಮಾತನ್ನು ಹಾಗೇ ಬರೆ ಎಂದೂ ಹೇಳಿದರು.

ನನಗೆ ಭಯವಾಗುತ್ತಿದೆ. ಬನ್ನಿ.

ಇಂತಿ,
ನಿಮ್ಮ ಮಗಳ ತಾಯಿ

ತಾ.ಕ.: ಯಜಮಾನರು ಓದಿದ್ದು ಇಲ್ಲಿಯವರೆಗೆ. ಒಂದು ಪದವನ್ನೂ ತಿದ್ದದೆ ತಲೆಯಾಡಿಸಿದರು. ಈಗ ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು, ಅಂಟು ಒಣಗುವ ಮೊದಲೇ ಲಕೋಟೆ ಬಿಚ್ಚಿ ಬರೆಯುತ್ತಿದ್ದೇನೆ.

ಬರಬೇಡಿ. ಆ ಕಲ್ಲಿನಲ್ಲಿ ಕತ್ತಿ ಯಾವತ್ತೂ ಇರಲಿಲ್ಲ. ಮಣ್ಣು ತೊಳೆದ ದಿನವೇ ನನಗೆ ಕಂಡಿತ್ತು: ಅವನ ಬಲಗೈಯಲ್ಲಿರುವುದು ಸುತ್ತಿಗೆ, ಎಡಗೈಯಲ್ಲಿ ಉಳಿ. ಅವನೂ ಕಲ್ಲುಕುಟಿಗನೇ. ಕತ್ತಿ ಇರಲೇಬೇಕು, ಸರಿಯಾಗಿ ನೋಡು ಎಂದು ಯಜಮಾನರು ಮೂರು ಸಲ ಚಿತ್ರ ವಾಪಸು ಕೊಟ್ಟರು. ನಾಲ್ಕನೆಯ ಸಲ ನಾನೇ ಕತ್ತಿ ಬರೆದುಕೊಟ್ಟೆ. ಮಗಳ ಶಾಲೆಯ ಮಾತನ್ನು ಅವರು ಮೊದಲು ಎತ್ತಿದ್ದು ಅದೇ ವಾರ. ಕಾಗದದ ಮೇಲಿನ ಸುಳ್ಳು ನನ್ನೊಬ್ಬಳದು. ಅದನ್ನು ನಿಮ್ಮ ಕೈಯಿಂದ ಕಲ್ಲಿಗೆ ಹೊಡೆಸಲಾರೆ.

ಸುತ್ತಿಗೆ, ಉಳಿ ಎರಡೂ ಮೂಡಿದ್ದ ಮೊದಲ ಪಡಿಯಚ್ಚು ಹರಿದುಹೋಯಿತು ಎಂದು ಅವರಿಗೆ ಹೇಳಿ, ಬಟ್ಟೆಯ ಪೆಟ್ಟಿಗೆಯ ತಳದಲ್ಲಿ ಮಡಿಸಿ ಇಟ್ಟಿದ್ದೆ. ಬರುವ ಮೂವರಲ್ಲಿ ಹಿರಿಯರ ವಿಳಾಸಕ್ಕೆ ಅದನ್ನು ಈಗಷ್ಟೇ ರಿಜಿಸ್ಟರ್ ಮಾಡಿದೆ, ಕಳುಹಿಸಿದವರು ಎಂಬಲ್ಲಿ ನನ್ನ ಹೆಸರನ್ನೇ ಬರೆದೆ. ಮನೆಯಲ್ಲಿ ಮಗಳು ದೊಡ್ಡ ಶಾಲೆಯ ಪುಸ್ತಕಗಳಿಗೆ ಹೊದಿಕೆ ಹಾಕುತ್ತಾ ಕೂತಿದ್ದಾಳೆ. ಹೋಗಿ ಅವಳಿಗೆ ಏನು ಹೇಳಲಿ?