ಗೋಡೆಗೆ ತಿರುಗಿಸಿದ ಮಾನಿಟರ್

ಮಾರ್ಚ್ 4, ಬೆಳಿಗ್ಗೆ 8

ಕೈ ತೊಳೆದೆ, ಗೌನ್ ತೊಟ್ಟೆ, ಮಕ್ಕಳ ಐಸಿಯು ಒಳಗೆ ಹೋದೆ. ತಂಗಿಯ ಪಾಪುವಿಗೆ ಆರನೇ ದಿನ. ಮಾನಿಟರಿನಲ್ಲಿ ಆಕ್ಸಿಜನ್ 71. ನಿನ್ನೆ ಇದೇ ಹೊತ್ತಿಗೆ 74. ತಂಗಿ ವೀಲ್‌ಚೇರಿನಲ್ಲಿ, ಎರಡೂ ಕೈ ತೊಡೆಯಡಿ ಇಟ್ಟುಕೊಂಡು. ಇನ್ನೂ ಮಗಳನ್ನು ಮುಟ್ಟಿಲ್ಲ.

"ಮುಟ್ಟಿದ್ರೆ ಬಿಡೋಕಾಗಲ್ಲ ಅಕ್ಕ."

ನಾನೇ ಎತ್ತಿ ಆಡಿಸಿದ ತಂಗಿ. ಕಾಲೇಜಿಗೆ ಇನ್ನೊಂದು ವಾರ ರಜೆ ಹಾಕಿದೆ.

ಮಾರ್ಚ್ 4, ಸಂಜೆ

ಡಾಕ್ಟರು ಮಾತಾಡಿದರು — ನಿಂತುಕೊಂಡಲ್ಲ, ಕುರ್ಚಿ ಎಳೆದು ಕೂತು. ಹೃದಯದ ಅರ್ಧ ಬೆಳೆದೇ ಇಲ್ಲ. ಆಪರೇಷನ್ ತಡೆದುಕೊಳ್ಳಲಾರಳು.

"ವಾಸಿ ಮಾಡೋಕಾಗಲ್ಲಮ್ಮ. ನೋವಾಗದ ಹಾಗೆ ನೋಡ್ಕೋತೀವಿ. ಇರೋಷ್ಟು ದಿನ ನಿಮ್ಮ ಹತ್ರಾನೇ ಇರ್ಲಿ."

ಎಷ್ಟು ದಿನ? "ಕೆಲವು." ಸುಳ್ಳು ಹೇಳಲಿಲ್ಲ. ಅಷ್ಟಕ್ಕೇ ಕೈ ಮುಗಿಯಬೇಕೆನಿಸಿತು.

ಬೇರೆ ಕೋಣೆ ಕೊಟ್ಟರು. ಚಿಕ್ಕದು. ಕಿಟಕಿ ಇದೆ.

ಮಾರ್ಚ್ 5

ಈ ಕೋಣೆಗೆ ಬೇರೆ ನರ್ಸಮ್ಮ. ಬಾಯಿ ಜೋರು. ಬಂದವರೇ ಮಾನಿಟರನ್ನು ಗೋಡೆ ಕಡೆ ತಿರುಗಿಸಿಬಿಟ್ಟರು. ತಂಗಿಯ ಗಂಡ ಗಾಬರಿಯಾದ.

"ಅಯ್ಯೋ ಸಿಸ್ಟರ್, ನಮಗೆ ಹೇಗೆ ಗೊತ್ತಾಗುತ್ತೆ?"

"ಹೊರಗೆ ನನ್ನ ಟೇಬಲ್ ಮೇಲೆ ಇನ್ನೊಂದಿದೆ. ನಂಬರ್ ನಾನು ನೋಡ್ಕೋತೀನಿ, ನೀವು ಪಾಪೂನ ನೋಡಿ. ಎಲ್ಲಿ, ಫೋಟೋ ತೆಗ್ದಿದೀರಾ? ತೋರ್ಸಿ."

ಮೊಬೈಲ್ ಕೊಟ್ಟ. ಅವರು ಬೆರಳಾಡಿಸುತ್ತಾ ಹೋದರು. ನಲವತ್ತೆರಡು ಫೋಟೋ. ನಲವತ್ತೆರಡೂ ಮಾನಿಟರಿನವು.

"ಭಾರಿ ಚೆನ್ನಾಗಿದೆ. ಮಗಳು ಥೇಟ್ ಟಿವಿ ಥರ!"

ಮೊದಲು ನಕ್ಕವಳು ತಂಗಿ. ಹೊಟ್ಟೆಯ ಹೊಲಿಗೆ ಒತ್ತಿ ಹಿಡಿದುಕೊಂಡು ನಕ್ಕಳು. ನಗು ಅಳುವಾಯಿತು. ನರ್ಸಮ್ಮ ಅವಸರ ಮಾಡಲಿಲ್ಲ. ಅಳು ಇಳಿದ ಮೇಲೆ ಕೇಳಿದರು — "ಕುರ್ಚಿ ಕಿಟಕಿ ಹತ್ರ ಎಳೀಲಾ ಮಗಾ? ಪಾಪು ಜೊತೆ ಕೂರ್ತೀಯಾ?"

"ನಂಗೆ ಬಿಡೋಕಾಗಲ್ಲ, ಸಿಸ್ಟರ್."

"ಬಿಡು ಅಂತ ಯಾರಂದ್ರು? ಎತ್ಕೋ."

ಎತ್ತಿಕೊಂಡಳು.

ಈ ಡೈರಿಯ ಹಿಂದಿನ ಪುಟಗಳನ್ನು ತಿರುವಿದೆ. ಮೊದಲ ಐದು ದಿನವೂ ಬರೀ ನಂಬರು. ಅವನ ಫೋಟೋ ನೋಡಿ ನಕ್ಕಿದ್ದೆನಲ್ಲ...

ಮಾರ್ಚ್ 6

ಪಾಪುವಿನ ಹಣೆ ಗಂಟಿಕ್ಕಿತ್ತು. ನಾಲಿಗೆಗೆ ಎರಡು ಹನಿ ಔಷಧಿ; ಸಡಿಲವಾಯಿತು. ಅವಳ ಅಪ್ಪ ಬಟ್ಟೆ ಬದಲಿಸಿದ. ಹಿಂದು ಮುಂದಾಗಿ.

ಒಂದು ಕವಿತೆ ಓದಿ ಹೇಳಿದೆ. ಮೂರನೇ ಸಾಲಿಗೆ ಆಕಳಿಸಿದಳು.

"ದೊಡ್ಡಮ್ಮನ ಪಾಠ ಸಾಕಂತೆ" ಎಂದಳು ತಂಗಿ.

ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ. ಇಷ್ಟು ಪ್ರಾಮಾಣಿಕ ವಿಮರ್ಶೆ ಬಂದಿರಲಿಲ್ಲ.

ಮಾರ್ಚ್ 8

ಬೆಳಿಗ್ಗೆ ಹತ್ತೂಕಾಲು. ಪಾಪು ಅಮ್ಮನ ಎದೆಯ ಮೇಲೆ. ಉಸಿರು ದೂರ ದೂರವಾಯಿತು... ಆಮೇಲೆ ಬರಲಿಲ್ಲ. ಯಾರೂ ಓಡಿ ಬರಲಿಲ್ಲ, ಯಾರೂ ಅವಳನ್ನು ಕಿತ್ತುಕೊಳ್ಳಲಿಲ್ಲ. "ಸಾಕು ಅನ್ನಿಸೋವರೆಗೆ ಎತ್ಕೊಂಡಿರಿ" ಎಂದು ನರ್ಸಮ್ಮ ಬಾಗಿಲು ಮುಂದೆ ಮಾಡಿಕೊಂಡು ಹೋದರು. ಅವರ ಕಣ್ಣೂ ಕೆಂಪಾಗಿತ್ತು. ಮೂರು ಗಂಟೆ ಹೊತ್ತು ಬಾಗಿಲನ್ನು ಯಾರೂ ತಟ್ಟಲಿಲ್ಲ.

ಮಾರ್ಚ್ 19

ತಂಗಿಗೆ ಫೋನಿನ ಮೇಲೆ ಫೋನು. ಮರೆತುಬಿಡು ಎನ್ನುವವರೇ ಎಲ್ಲ. ಈಗ ಸೋದರತ್ತೆಯದು. ಪಕ್ಕದ ಕೋಣೆಯಿಂದ ಕೇಳಿಸುತ್ತಿದೆ —

"ಯಾಕತ್ತೆ ಮರೀಲಿ? ಮೂರು ದಿನ ಎತ್ಕೊಂಡಿದ್ದೀನಿ. ಬೆರಳು ಎಷ್ಟು ಉದ್ದ ಗೊತ್ತಾ? ಒಂದು ಕಿವಿ ತುದೀಲಿ ಮಡಚಿತ್ತು..."

ದನಿ ನಡುಗುತ್ತಿಲ್ಲ. ಆ ಮೂರು ದಿನವನ್ನು ನಮಗೆ ಉಳಿಸಿಕೊಟ್ಟವರಿಗೆ ಏನೆಂದು —

"ಅಕ್ಕಾ, ಎಡಗಿವಿ ಅಲ್ವಾ?"

ಎಡಗಿವಿಯೇ. ಹೋಗಿ ಹೇಳಬೇಕು.