ಬಿಸ್ಕತ್ತಿಲ್ಲದ ಸೀಟಿ

ನಾಯಿಗಳ ಗುರುಗಳೂ ನನ್ನ ತೀರ್ಥರೂಪರೂ ಆದ ಅಪ್ಪನವರ ಸನ್ನಿಧಿಗೆ,

ನಿಮ್ಮ ಕೋತಿ ಮಗನ ಸಾಷ್ಟಾಂಗ ವರದಿ. ಸೀಟಿಗೆ ಓಡಿ ಬಂದ ನಾಯಿಗೆ ಬಿಸ್ಕತ್ತು ಸಿಗದಿದ್ದರೆ ಕ್ರಮೇಣ ಅದು ಬರುವುದನ್ನೇ ಬಿಡುತ್ತದೆ ಎಂದಿದ್ದಿರಿ. ತಿಂಗಳುಗಟ್ಟಲೆ ನಿಮ್ಮ ಸೀಟಿಯನ್ನು ಅಣಕಿಸಿ, ನಮ್ಮ ನಾಯಿ ಗುಂಡನನ್ನು ಬಿಸ್ಕತ್ತಿಲ್ಲದೆ ಸುಮ್ಮನೆ ಓಡಿಬರುವಂತೆ ಮಾಡಿ, ನಾನದನ್ನು ಸಾಬೀತುಪಡಿಸಿದೆ. ನೀವು ಹಿತ್ತಲಲ್ಲಿ ಎದೆ ಹಿಡಿದು ಬಿದ್ದು ಕೊನೆಯ ಸಲ ಸೀಟಿ ಹಾಕಿದಾಗ ಗುಂಡ ಕಿವಿಯನ್ನೂ ಎತ್ತಲಿಲ್ಲ. ಒಳಗೆ ಕೂತು, ಏನೂ ತಿಳಿಯದೆ, ನಾನು ನಕ್ಕೆ.

ಇಂದು ಬೆಳಿಗ್ಗೆ ಅವನು ದಿಢೀರನೆ ಎದ್ದು ಹಿತ್ತಲಿಗೆ ಓಡಿದ.

"ಮತ್ತೆ ಸೀಟಿ ಹಾಕಿದ್ಯೇನೋ, ಕೋತಿ?" ಎಂದಳು ಅಮ್ಮ.

"ಬಾಯ್ತುಂಬ ಪೇಸ್ಟಿದೆ ಕಣಮ್ಮ, ಸೀಟಿ ಎಲ್ಲಿಂದ ಹಾಕ್ಲಿ?"

ಈ ಸಲವಾದರೂ ಕೊಡೋಣವೆಂದು ಬಿಸ್ಕತ್ತು ಹಿಡಿದು ಓಡಿದೆ. ನೀವು ಬಿದ್ದಿದ್ದ ಜಾಗದೆದುರು ಕುಳಿತು, ಬಾಲವಾಡಿಸುತ್ತ, ಗುಂಡ ಆಗಲೇ ಏನನ್ನೋ ಅಗಿಯುತ್ತಿದ್ದ.