ಅಪ್ಪ ನೋಡಿದ ತೋಳಗಳು

ಕೈವಾರ,
ಫೆಬ್ರವರಿ ೯, ೨೦೨೫

ನನ್ನ ಶೈಲು,

ಲೇಹ್‌ನ ಚಳಿಯಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಂಡಿದ್ದೀಯೆಂದು ನಂಬಿ ಈ ಕಾಗದ ಶುರು ಮಾಡುತ್ತಿದ್ದೇನೆ.

ಅಮ್ಮ ಯಾಕೆ ಫೋನು ಬಿಟ್ಟು ಪೆನ್ನು ಹಿಡಿದಳು ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ಅಪ್ಪನ ಹೆಸರೆತ್ತಿದರೆ ಸಾಕು, ನಿನಗೆ ಯಾವುದೋ ಮೀಟಿಂಗ್ ನೆನಪಾಗಿಬಿಡುತ್ತದೆ. ಕಾಗದದ ಜೊತೆ ಆ ಆಟ ನಡೆಯುವುದಿಲ್ಲ. ಹರಿದು ಹಾಕಬಹುದು, ಆದರೆ ಅಮ್ಮನ ಕೈಬರಹ ಹರಿಯುವಷ್ಟು ಕಟುಕಿ ನೀನಲ್ಲ. ಪೂರ್ತಿ ಓದು.

ನೀನು ಕಳಿಸಿದ ಫೋಟೋಗಳೆಲ್ಲ ಬಂದವು. ಹೋದ ವರ್ಷ ತರಬೇತಿಗೆ ಜರ್ಮನಿಗೆ ಹೋದಾಗ ಅಲ್ಲಿನ ಮೃಗಾಲಯದಲ್ಲಿ ತೆಗೆದ ಬಿಳಿ ತೋಳ, ಉತ್ತರ ಧ್ರುವದ ಕಡೆಯದು ಎಂದು ಬರೆದಿದ್ದೆ. ಅದರ ಪಕ್ಕದ ಬೇಲಿಯಲ್ಲಿದ್ದ ದೊಡ್ಡ ಬೂದು ತೋಳ. ಈಗ ಲಡಾಖಿನಲ್ಲಿ ಹಿಮದ ಮೇಲೆ ನಡೆದು ಹೋಗುತ್ತಿರುವ, ಕಂಬಳಿ ಹೊದ್ದಂಥ ಮೈಯದು. ನನ್ನ ಕಣ್ಣಿಗೆ ಎಲ್ಲವೂ ಚೆನ್ನಾಗಿ ಉಂಡ ನಾಯಿಗಳೇ. ಆದರೆ ನಿಮ್ಮಪ್ಪ ಒಂದೊಂದನ್ನೂ ಬಿಡಿಸಿ ಹೇಳು ಎಂದು ಪ್ರಾಣ ತಿನ್ನುತ್ತಾರೆ. ಕಿವಿ ಎಷ್ಟುದ್ದ, ಗಂಟಲ ಕೆಳಗೆ ಬಿಳುಪಿದೆಯಾ, ನಮ್ಮ ಬೆಟ್ಟದ್ದಕ್ಕಿಂತ ಕಾಲು ಗಿಡ್ಡವಾ. ಅಪ್ಪನಿಗೆ ತೋರಿಸಬೇಡ ಎಂದು ನೀನು ಹೇಳಿದ್ದೆ. ತೋರಿಸಿಲ್ಲ ಕಣೇ, ನಿನ್ನಾಣೆ. ಹೇಳಿದ್ದೇನೆ, ಅಷ್ಟೆ. ಯಾಕೆ ತೋರಿಸಿಲ್ಲ ಅನ್ನುವುದಕ್ಕೇ ಈ ಕಾಗದ.

ಸಂಕ್ರಾಂತಿ ಕಳೆದ ಮೇಲೆ ನಮ್ಮ ರೇಷ್ಮೆ ಹುಳ ಹಣ್ಣಾದವು. ನೀನು ಹುಳುಮನೆಯಲ್ಲೇ ಬೆಳೆದವಳು, ನಿನಗೆ ಹೇಳಬೇಕೇ. ಸೊಪ್ಪು ಬಿಟ್ಟ ಹುಳದ ಮೈ ದ್ರಾಕ್ಷಿಯ ಹಾಗೆ ತಿಳಿಯಾದ ಮೇಲೆಯೇ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಆಗ ಅದು ಗೂಡು ಕಟ್ಟುತ್ತದೆ. ಆರಿಸುವುದರಲ್ಲಿ ನಿಮ್ಮಪ್ಪನ ಕೈ ಎಂಥದೆಂದು ಊರಿಗೇ ಗೊತ್ತು. ಅಂಥವರು ಈ ಸಲ ಚಂದ್ರಿಕೆ ತುಂಬಿಸಿದ್ದು ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಇನ್ನೂ ಹಣ್ಣಾಗದ ಹಸಿ ಹುಳ. ಹಸಿದು ಅಲೆದಾಡಿ ಕೆಳಗೆ ಬಿದ್ದು ಸಾಯುತ್ತಿದ್ದವು. ನನಗೆ ಸಿಟ್ಟು ನೆತ್ತಿಗೇರಿತು. ಬುದ್ಧಿ ಎಲ್ಲಿಟ್ಟಿದ್ರಿ ಎಂದು ಬೀದಿಗೆ ಕೇಳುವ ಹಾಗೆ ಕೂಗಾಡಿದೆ.

ಮಧ್ಯಾಹ್ನ ಸೊಪ್ಪಿನ ಹೊರೆ ಹೊತ್ತು ಬಾಗಿಲಲ್ಲಿ ನಿಂತೆ. ಅವರು ಇನ್ನೊಂದು ತಟ್ಟೆಯ ಮುಂದೆ ಕೂತಿದ್ದರು. ಮುಖ ಗೋಡೆಯ ಕಡೆಗಿತ್ತು. ಒಂದೊಂದು ಹುಳವನ್ನೂ ಎರಡು ಬೆರಳಲ್ಲಿ ಹಿಡಿದು, ಮೆಲ್ಲಗೆ ಒತ್ತಿ, ಇದು ಆಯಿತು ಇದು ಇಲ್ಲ ಎಂದು ಆರಿಸುತ್ತಿದ್ದರು. ನಾನು ಸದ್ದಿಲ್ಲದೆ ಹೋಗಿ ಅವರ ಮುಖದ ಮುಂದೆ ಕೈ ಆಡಿಸಿದೆ. ರೆಪ್ಪೆ ಅಲುಗಲಿಲ್ಲ ಶೈಲು. ಹಣ್ಣು ಹುಳ ಮುಟ್ಟಿದರೆ ಮೆತ್ತಗೆ, ಗಿಡ್ಡ. ಹಳದಿ ಗೂಡಿನ ಹುಳ ಸಾಕಿದಷ್ಟು ದಿನ ಅವರ ಬೆರಳು ಅವರನ್ನು ಕಾಪಾಡಿತ್ತು. ಈ ಸಲ ಬಿಳಿ ಗೂಡಿನ ತಳಿ ತಂದಿದ್ದೆವು. ಅದರ ಮೈಯೇ ದಪ್ಪ, ಬೆರಳಿಗೆ ಹದ ಸಿಗಲಿಲ್ಲ. ನಾನು ಸೊಪ್ಪಿನ ಮೇಲೆ ಕುಸಿದು ಕೂತು ಅತ್ತೆ.

ಚಿಕ್ಕಬಳ್ಳಾಪುರದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಸಕ್ಕರೆ ಕಾಯಿಲೆ ಒಳಗಿನ ಪರದೆಯನ್ನು ತಿಂದು ಹಾಕಿದೆಯಂತೆ. ಹೋದದ್ದು ಬರುವುದಿಲ್ಲ, ಬಲಗಣ್ಣು ಪೂರ್ತಿ ಹೋಗಿದೆ, ಎಡಗಣ್ಣಿಗೆ ಬೆಳಕು ನೆರಳು ಮಾತ್ರ ತಿಳಿಯುತ್ತದೆ ಎಂದರು. ಯಾವಾಗಿನಿಂದ ಎಂದು ಕೇಳಿದರೆ, ನಿಮ್ಮಪ್ಪ ಹಸುವಿನ ಹಾಲಿನ ವಿಷಯ ಹೇಳಿದ ಹಾಗೆ ಹೇಳಿದರು: "ನಾಲ್ಕು ವರ್ಷ ಆಗಿರ್ಬೋದು ಸಾರ್. ದೂರದ್ದು ಮೊದ್ಲು ಹೋಯ್ತು."

ದೂರದ್ದು ಮೊದಲು ಹೋಯಿತು. ಬಸ್ಸಿನಲ್ಲಿ ಕೂತ ಮೇಲೆ ಆ ಮಾತು ನನಗೆ ಅರ್ಥವಾಯಿತು.

ಎರಡು ವರ್ಷದ ಹಿಂದೆ ನಮ್ಮ ಬೆಟ್ಟದ ಬಂಡೆಯ ಸಂದಿನಲ್ಲಿ ತೋಳ ಮರಿ ಹಾಕಿದೆಯೆಂದು, ತೋಳಗಳ ಅಧ್ಯಯನ ಮಾಡುತ್ತ ಇಲ್ಲೇ ಇದ್ದ ನೀನು ಅಪ್ಪನಿಗೆ ಮಾತ್ರ ಹೇಳಿದ್ದೆ. ಗೌರಿಬಿದನೂರಿನ ಕಡೆ ತೋಳಗಳ ಇನ್ನೊಂದು ಗುಂಪು ಕಾಣಿಸಿತೆಂದು ಹೊರಟಾಗ ಅವರನ್ನು ಹುಳುಮನೆಯ ತಾರಸಿಯ ಮೇಲೆ ಕಾವಲು ಕೂರಿಸಿ, ಯಾರಾದರೂ ಆ ಕಡೆ ಹತ್ತಿದರೆ ತಕ್ಷಣ ಫೋನ್ ಮಾಡು ಎಂದೆ. ನೀನು ಕೇಳಿದಾಗಲೆಲ್ಲ ಅವರದು ಒಂದೇ ಮಾತು: "ಯಾರೂ ಇಲ್ಲ ಕಣಮ್ಮ. ತಾಯಿ ಬಂಡೆ ಮೇಲೆ ಮಲಗೈತೆ." ಅದೇ ಹೊತ್ತಿನಲ್ಲಿ ಅವರ ಸೋದರತ್ತೆಯ ಮಗ ಕೋನಪ್ಪ, ಕುರಿಮರಿ ಕಳೆದುಕೊಂಡ ಇನ್ನಿಬ್ಬರನ್ನು ಕಟ್ಟಿಕೊಂಡು, ಸಂದಿನ ಬಾಯಿಗೆ ಒಣಗಿದ ಲಂಟಾನ ತುರುಕಿ ಬೆಂಕಿ ಇಡುತ್ತಿದ್ದ. ಗಾಳಿ ಬೆಟ್ಟದ ಆಚೆಗೆ ಬೀಸುತ್ತಿತ್ತು, ಹೊಗೆಯ ವಾಸನೆಯೂ ಈ ಕಡೆ ಬರಲಿಲ್ಲ.

ನೀನು ಸತ್ತ ಮರಿಗಳನ್ನು ವೇಲಿನಲ್ಲಿ ತಂದು ಜಗಲಿಯ ಮೇಲೆ ಇಟ್ಟೆ. ಕೋನಪ್ಪ ಎಲ್ಲರ ಮುಂದೆ ಹೇಳಿದ: "ನಿಮ್ಮಪ್ಪ ನಮ್ಮನ್ನ ನೋಡ್ತಾನೇ ಕೂತಿದ್ದ. ಒಂದು ಮಾತು ಬೇಡ ಅನ್ಲಿಲ್ಲ." ಅವನು ಸುಳ್ಳು ಹೇಳಲಿಲ್ಲ ಮಗಳೇ. ಮುಖ ಆ ಕಡೆಗೇ ಇತ್ತು. ನೋಡಿದೆಯಾ ಇಲ್ಲವಾ ಎಂದು ನೀನು ಕೇಳಿದ್ದಕ್ಕೆ ಇವರು ತಲೆ ತಗ್ಗಿಸಿದರು. ನೆಂಟನ ಪರ ನಿಂತರು ಎಂದುಕೊಂಡು ನೀನು ಬ್ಯಾಗು ಎತ್ತಿಕೊಂಡೆ. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಡಾಕ್ಟರ ಹತ್ತಿರದಿಂದ ಬರುವಾಗ ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ ಕೇಳಿಯೇ ಬಿಟ್ಟೆ. ಅವತ್ತೇ ಕಣ್ಣು ಕಾಣುವುದಿಲ್ಲ ಎಂದಿದ್ದರೆ ಮಗಳು ಮನೆ ಬಿಡುತ್ತಿದ್ದಳಾ? ಅವರು ಬೆಂಚು ಸವರಿ ಟೀ ಲೋಟ ಕೆಳಗಿಟ್ಟರು. ಆಮೇಲೆ, "ಆಗ ಅವಳು ನಂಗೆ ತೋರ್ಸಿದ್ದೆಲ್ಲ ಸುಳ್ಳಾಗ್ಬಿಡ್ತಿತ್ತಲ್ಲೇ" ಎಂದರು.

ಮೂರು ವರ್ಷದ ಹಿಂದಿನ ಡಾರ್ಜಿಲಿಂಗ್ ನೆನಪಿದೆಯಾ? ನಿನ್ನ ಮೊದಲ ಫೆಲೋಶಿಪ್ಪಿನಲ್ಲಿ ನಮ್ಮಿಬ್ಬರನ್ನೂ ಅಲ್ಲಿನ ಮೃಗಾಲಯಕ್ಕೆ ಕರೆದುಕೊಂಡು ಹೋಗಿ, ಟಿಬೆಟ್ಟಿನ ತೋಳ ತೋರಿಸಿದ್ದೆ. ಅಪ್ಪನ ಭುಜ ಹಿಡಿದು ಅಲ್ಲಿ, ಆ ಮರದ ಕೆಳಗೆ ಎಂದೆ. ಖುಷಿಯಾದರೆ ಇವರಿಗೆ ತೆಲುಗು ಬರುತ್ತದಲ್ಲ, "ಅಬ್ಬಬ್ಬಾ, ಎಂತ ಪೆದ್ದ ತೋಕ!" ಎಂದು ಬಾಲ ಎಷ್ಟು ದೊಡ್ಡದೆಂದು ಹೊಗಳಿದರು. ನೀನು ನಕ್ಕ ನಗುವಿಗೆ ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರಿಗೆ ಬಾಲವೂ ಕಂಡಿರಲಿಲ್ಲ, ತೋಳವೂ ಕಂಡಿರಲಿಲ್ಲ. ಕಂಡದ್ದು ನಿನ್ನ ಹಳದಿ ಸ್ವೆಟರ್ ಒಂದೇ ಅಂತೆ.

ಅವರು ನಿಜವಾಗಿ ನೋಡಿದ್ದು ಎರಡೇ ತೋಳ. ಹುಡುಗರಾಗಿದ್ದಾಗ ಇದೇ ಬೆಟ್ಟದ ಬುಡದಲ್ಲಿ ಕುರಿಮರಿ ಕಚ್ಚಿಕೊಂಡು ನಿಂತು ಹಿಂದಿರುಗಿ ನೋಡಿದ್ದು ಒಂದು. ನೀನು ಲಂಗ ಹಾಕುತ್ತಿದ್ದ ಕಾಲದಲ್ಲಿ ಮೈಸೂರಿನ ಮೃಗಾಲಯದಲ್ಲಿ ಬೇಲಿಯುದ್ದಕ್ಕೂ ಹೋಗಿ ಬಂದು ಮಾಡುತ್ತಿದ್ದದ್ದು ಇನ್ನೊಂದು. ಅವತ್ತು ತಾರಸಿಯ ಮೇಲೆ ಕೂತಾಗ ಬಂಡೆಯ ಮೇಲಿನ ಒಂದು ಕಪ್ಪನ್ನು ತಾಯಿ ತೋಳ ಎಂದು ನಂಬಿದ್ದರಂತೆ. ಅದು ಬಂಡೆಯ ನೆರಳು. ಅದನ್ನೇ ಕಾಯ್ದರು.

ಕೋನಪ್ಪ ಮಾಡಿದ್ದನ್ನು ತಾನೇ ಮಾಡಿದೆ ಎಂದು ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆ. ಈಗಲೂ ಬೆಳಿಗ್ಗೆ ಕಾಫಿ ಕುಡಿದು, ಗೋಡೆ ಸವರಿಕೊಂಡು ತಾರಸಿ ಹತ್ತಿ, ಆ ಕಡೆಗೇ ಮುಖ ಮಾಡಿ ಕೂರುತ್ತಾರೆ. ಕಾಯುವುದಕ್ಕೆ ಅಲ್ಲಿ ಏನೂ ಇಲ್ಲ ಎಂದು ಹೇಳಿ ಹೇಳಿ ನನಗೇ ಸಾಕಾಗಿದೆ.

ಒಂದೇ ಒಂದು ಸಲ ಬಾ. ಕ್ಷಮಿಸು ಎಂದು ನಾನು ಕೇಳುವುದಿಲ್ಲ, ಆ ಮರಿಗಳಿಗಾಗಿ ನೀನು ಅತ್ತದ್ದನ್ನು ನಾನು ಕಂಡಿದ್ದೇನೆ. ಅವರ ಪಕ್ಕದಲ್ಲಿ ಕೂತು ಬಂಡೆಯ ಮೇಲೆ ಏನಿದೆ ಎಂದು ಹೇಳು. ಏನೂ ಇಲ್ಲದಿದ್ದರೆ ಏನೂ ಇಲ್ಲ ಎಂದೇ ಹೇಳು. ನನಗೆ ತೋಳಕ್ಕೂ ನಾಯಿಗೂ ವ್ಯತ್ಯಾಸ ತಿಳಿಯುವುದಿಲ್ಲವೆಂದು ನನ್ನ ಮಾತನ್ನು ಅವರು ನಂಬುವುದಿಲ್ಲ.

ದಾರಿ ಕಾಯುತ್ತಿರುವ
ನಿನ್ನ ಅಮ್ಮ,
ಯಶೋದಮ್ಮ

ತಾ.ಕ.: ಬರೆದು ಮುಗಿಸಿ ನಿಮ್ಮಪ್ಪನಿಗೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿ, "ಕಣ್ಣಿನ ವಿಷ್ಯ ಎಲ್ಲಾ ಹೊಡ್ದಾಕು ಕಣೇ. ಅಯ್ಯೋ ಪಾಪ ಅಂತ ಬರೋದಾದ್ರೆ ಬೇಡ, ಕೋಪದಲ್ಲೇ ಇರ್ಲಿ. ಮರಿಗಳು ಸತ್ತಿದ್ದಂತೂ ನಿಜ ತಾನೆ" ಎಂದರು. ಹಟ ಹಿಡಿದರು. ನಾನು ಹಳೆಯ ಕ್ಯಾಲೆಂಡರಿನ ಹಾಳೆ ತೆಗೆದು ಅದರ ಮೇಲೆ ಪೆನ್ನಿನಿಂದ ಪರಪರ ಗೀಚಿ, ಹೊಡೆದು ಹಾಕಿದೆ ಎಂದೆ. ನಂಬಿದರು. ಅವರಿಗೆ ಕಾಣುವುದಿಲ್ಲವಲ್ಲ. ಅದಕ್ಕೇ ನೀನು ಬಂದಾಗ ಏನೂ ಗೊತ್ತಿಲ್ಲದವಳ ಹಾಗೆ ಬಾ. ತೋಳ ನೋಡೋಕೆ ಬಂದೆ ಅನ್ನು.